ಎಲಿಸ್ ದ್ವೀಪದ ಮೊದಲ ಹೆಸರು

ನ್ಯೂಯಾರ್ಕಿನ ಬಂದರಿನೊಳಗೆ, ಸ್ವಾತಂತ್ರ್ಯದೇವಿಯ ಮಹಾಪ್ರತಿಮೆಗೆ ಅನತಿದೂರದಲ್ಲಿ, ಎಲಿಸ್ ಎಂಬ ಪುಟ್ಟ ದ್ವೀಪವೊಂದುಂಟು. ೧೮೯೨ರಿಂದ ೧೯೫೪ರವರೆಗೆ ಯೂರೋಪಿನಿಂದ ಅಮೆರಿಕಕ್ಕೆ ಬದುಕನ್ನರಸಿ ಬಂದ ಸುಮಾರು ೧ ಕೋಟಿ ೨೦ ಲಕ್ಷ ಜನ ಈ ದ್ವೀಪದ ಬಾಗಿಲನ್ನು ದಾಟಿಯೇ ಆ ನಾಡಿನೊಳಗೆ ಕಾಲಿಟ್ಟರು. ಅಷ್ಟು ಹೆಸರುಗಳಲ್ಲಿ ಮೊಟ್ಟಮೊದಲು ಬರೆಯಲ್ಪಟ್ಟ ಹೆಸರು ಒಬ್ಬ ಐರಿಷ್ ಹುಡುಗಿಯದು. ಆಕೆಯೇ ಆನಿ ಮೂರ್. ಅಮೆರಿಕದಲ್ಲಿಯೂ ಐರ್ಲೆಂಡಿನಲ್ಲಿಯೂ ಶಾಲೆಯ ಮಕ್ಕಳಿಗೆ ಈ ಹೆಸರು ಪರಿಚಿತವಾದುದು. ಕಡಲಿನ ಎರಡು ದಡಗಳಲ್ಲಿಯೂ ಆಕೆಯ ಪ್ರತಿಮೆಗಳಿವೆ. ಆಕೆಯನ್ನು ಕುರಿತ ಹಾಡು ಜನಪ್ರಿಯವಾಗಿದೆ. ಹೀಗಿದ್ದೂ, ಆ ಒಂದು ದಿನದ ಆಚೆಗೆ ಆಕೆ ಏನಾದಳು, ಹೇಗೆ ಬಾಳಿದಳು, ಎಲ್ಲಿ ಮಣ್ಣಾದಳು ಎಂಬುದು ಬಹುಕಾಲ ಲೋಕಕ್ಕೆ ತಿಳಿಯಲೇ ಇಲ್ಲ. ತಿಳಿಯಲಿಲ್ಲವೆಂದರೂ ಸಾಲದು, ಬೇರೊಬ್ಬಳ ಬಾಳನ್ನೇ ಈಕೆಯ ಬಾಳೆಂದು ಜನ ನಂಬಿದ್ದರು. ಹಳೆಯ ಕಡತಗಳ ಧೂಳಿನಿಂದ ಆಕೆಯ ನಿಜವಾದ ಬದುಕನ್ನು ಎತ್ತಿ ತೆಗೆದದ್ದು ಈಚಿನ ಮಾತು.

ಆನಿ ಹುಟ್ಟಿದ್ದು ೧೮೭೪ನೆಯ ಇಸವಿ ಏಪ್ರಿಲ್ ೨೪ರಂದು, ಐರ್ಲೆಂಡಿನ ದಕ್ಷಿಣ ಭಾಗದ ಕಾರ್ಕ್ ನಗರದಲ್ಲಿ. ತಂದೆ ಮ್ಯಾಥ್ಯೂ ಮೂರ್, ತಾಯಿ ಜೂಲಿಯಾ. ಕಾರ್ಕ್ ಒಂದು ಕಾಲಕ್ಕೆ ಬೆಣ್ಣೆಯ ವ್ಯಾಪಾರಕ್ಕೆ ಜಗತ್ಪ್ರಸಿದ್ಧವಾದ ಊರು. ಸುತ್ತಣ ಹಳ್ಳಿಗಳ ಬೆಣ್ಣೆ ಆ ಪೇಟೆಗೆ ಬಂದು, ಪೀಪಾಯಿಗಳಲ್ಲಿ ತುಂಬಿ ದೂರದೂರದ ದೇಶಗಳಿಗೆ ಹೋಗುತ್ತಿತ್ತು. ಆನಿ ಹುಟ್ಟುವ ಕಾಲಕ್ಕೆ ಆ ವ್ಯಾಪಾರ ಇಳಿಮುಖವಾಗುತ್ತಲಿತ್ತು. ಆ ನಾಡು ಕಡಲಾಚೆಗೆ ಕಳುಹುತ್ತಿದ್ದ ಮುಖ್ಯವಾದ ಸರಕು ಬೆಣ್ಣೆಯಲ್ಲ, ಮನುಷ್ಯರು ಎಂದರೆ ಅತಿಶಯೋಕ್ತಿಯಾಗಲಾರದು.

ಇದಕ್ಕೆ ಕಾರಣ ಮೂವತ್ತು ವರ್ಷಗಳ ಹಿಂದೆಯೇ ಬಿದ್ದಿತ್ತು. ೧೮೪೫ರಲ್ಲಿ ಆಲೂಗೆಡ್ಡೆಯ ಬೆಳೆಗೆ ತಗಲಿದ ರೋಗ ಐದಾರು ವರ್ಷಗಳ ಕಾಲ ಐರ್ಲೆಂಡನ್ನು ಕ್ಷಾಮದ ಬಾಯಿಗೆ ನೂಕಿತು. ಬಡ ಒಕ್ಕಲುಗಳಿಗೆ ಆಲೂಗೆಡ್ಡೆಯೊಂದೇ ಅನ್ನ. ಅದೇ ಕೊಳೆತು ಹೋದ ಮೇಲೆ ಸುಮಾರು ೧೦ ಲಕ್ಷ ಜನ ಹಸಿವಿನಿಂದಲೂ ಜ್ವರದಿಂದಲೂ ಸತ್ತರು. ಅಷ್ಟೇ ಸಂಖ್ಯೆಯ ಜನ ನಾಡನ್ನು ಬಿಟ್ಟರು. ೧೮೪೧ರ ಜನಗಣತಿಯಲ್ಲಿ ೮೧ ಲಕ್ಷವನ್ನು ಮೀರಿದ್ದ ಜನಸಂಖ್ಯೆ ೧೮೫೧ರಲ್ಲಿ ೬೫ ಲಕ್ಷಕ್ಕೆ ಇಳಿದಿತ್ತು. ಕ್ಷಾಮ ಕಳೆಯಿತು, ಆದರೆ ಹೊರಟ ಪ್ರವಾಹ ನಿಲ್ಲಲಿಲ್ಲ. ಒಬ್ಬರು ಹೋಗಿ ನೆಲೆನಿಂತು, ದುಡಿದು ಉಳಿಸಿದ ಹಣದಲ್ಲಿ ಮತ್ತೊಬ್ಬರಿಗೆ ಹಡಗಿನ ಚೀಟಿಯನ್ನು ಕಳುಹಿಸುವುದು, ಅವರು ಬಂದು ಮತ್ತಿಬ್ಬರನ್ನು ಕರೆಸಿಕೊಳ್ಳುವುದು, ಹೀಗೆ ಸರಪಳಿಯ ಕೊಂಡಿಗಳಂತೆ ಮನೆಗಳಿಗೆ ಮನೆಗಳೇ ಸಾಗಿದವು. ಇನ್ನೊಂದು ವಿಶೇಷವನ್ನೂ ಇಲ್ಲಿ ಹೇಳಬೇಕು. ಯೂರೋಪಿನ ಇತರ ನಾಡುಗಳಿಂದ ಹೆಚ್ಚಾಗಿ ಗಂಡಸರು ಹೊರಟರೆ, ಐರ್ಲೆಂಡಿನಿಂದ ಹೊರಟವರಲ್ಲಿ ಸರಿಸುಮಾರು ಅರ್ಧದಷ್ಟು ಮಂದಿ ಹೆಂಗಸರು. ಅವರಲ್ಲಿಯೂ ಬಹುಮಂದಿ ಮದುವೆಯಾಗದ ಎಳೆಯ ಹೆಣ್ಣುಮಕ್ಕಳು.

ಮ್ಯಾಥ್ಯೂ ಮತ್ತು ಜೂಲಿಯಾ ೧೮೮೮ರಲ್ಲಿ ಅಮೆರಿಕಕ್ಕೆ ಹೋದರು. ಆನಿಯೂ, ಆಕೆಯ ತಮ್ಮಂದಿರಾದ ಆಂಟನಿ ಮತ್ತು ಫಿಲಿಪ್ ಎಂಬುವರೂ ಊರಿನಲ್ಲಿಯೇ ಉಳಿದರು. ತಂದೆತಾಯಿಗಳು ನ್ಯೂಯಾರ್ಕಿನ ಮ್ಯಾನ್‌ಹ್ಯಾಟನ್ನಿನಲ್ಲಿ ಮನ್ರೋ ಬೀದಿಯ ಒಂದು ವಠಾರದಲ್ಲಿ ನೆಲೆಸಿ, ಮಕ್ಕಳನ್ನು ಕರೆಸಿಕೊಳ್ಳುವಷ್ಟು ಅನುಕೂಲವನ್ನು ಮಾಡಿಕೊಳ್ಳಲು ಮೂರು ವರ್ಷಗಳು ಹಿಡಿದವು. ಆ ಮೂರು ವರ್ಷಗಳಲ್ಲಿ ಹದಿನಾಲ್ಕರ ಬಾಲೆ ಹದಿನೇಳರ ತರುಣಿಯಾದಳು. ಆ ಅವಧಿಯ ಬಗ್ಗೆ ಯಾವ ಕಡತವೂ ಬಾಯಿ ಬಿಡುವುದಿಲ್ಲ.

೧೮೯೧ರ ಡಿಸೆಂಬರ್ ೨೦ರಂದು ಅಕ್ಕ ತಮ್ಮಂದಿರು ಮೂವರೂ ಕ್ವೀನ್ಸ್‌ಟೌನ್ ಬಂದರಿನಲ್ಲಿ ನೆವಾಡಾ ಎಂಬ ಹಡಗನ್ನು ಏರಿದರು. ಈ ಬಂದರಿನ ಮೂಲದ ಹೆಸರು ಕೋವ್. ವಿಕ್ಟೋರಿಯಾ ರಾಣಿ ೧೮೪೯ರಲ್ಲಿ ಅಲ್ಲಿಗೆ ಬಂದುದರ ನೆನಪಿಗಾಗಿ ಅದನ್ನು ರಾಣಿಯ ಪಟ್ಟಣವೆಂದು ಕರೆದಿದ್ದರು. ಐರ್ಲೆಂಡ್ ಸ್ವತಂತ್ರವಾಗುವ ಹೊತ್ತಿಗೆ ಹಳೆಯ ಹೆಸರು ಮರಳಿ ಬಂದಿತು. ೧೮೪೮ರಿಂದ ೧೯೫೦ರವರೆಗಿನ ಅವಧಿಯಲ್ಲಿ ಐರ್ಲೆಂಡನ್ನು ಬಿಟ್ಟ ಸುಮಾರು ೬೦ ಲಕ್ಷ ಜನರ ಪೈಕಿ ೨೫ ಲಕ್ಷಕ್ಕೂ ಮಿಕ್ಕಿದವರು ಕಡೆಯ ಬಾರಿಗೆ ತಾಯ್ನಾಡಿನ ನೆಲವನ್ನು ಮೆಟ್ಟಿದ್ದು ಈ ಬಂದರಿನಲ್ಲಿಯೇ. ನೆವಾಡಾ ಹಡಗಿನ ಅತ್ಯಂತ ಕೆಳದರ್ಜೆಯ ಪ್ರಯಾಣಿಕರೊಡನೆ ಆ ಮೂವರೂ ಹನ್ನೆರಡು ದಿನಗಳನ್ನು ಕಳೆದರು. ಚಳಿಗಾಲದ ಅಟ್ಲಾಂಟಿಕ್ ಸಾಗರ. ಕ್ರಿಸ್‌ಮಸ್ ಹಬ್ಬವೂ ನಡುಗಡಲಿನಲ್ಲಿಯೇ ಕಳೆಯಿತು. ಡಿಸೆಂಬರ್ ೩೧ರ ಸಂಜೆ ಹಡಗು ನ್ಯೂಯಾರ್ಕನ್ನು ಮುಟ್ಟಿತಾದರೂ ಕೆಳದರ್ಜೆಯವರನ್ನು ಆ ರಾತ್ರಿ ಇಳಿಸಲಿಲ್ಲ. ಹಾಗೆ ಇಳಿಸದೆ ಇದ್ದುದೇ ಆನಿಯ ಹೆಸರು ಚರಿತ್ರೆಗೆ ಸೇರಲು ಕಾರಣವಾಯಿತು.

೧೮೯೦ರವರೆಗೆ ನ್ಯೂಯಾರ್ಕಿಗೆ ಬಂದ ವಲಸೆಗಾರರು ಮ್ಯಾನ್‌ಹ್ಯಾಟನ್ನಿನ ತುದಿಯ ಕ್ಯಾಸಲ್ ಗಾರ್ಡನ್ ಎಂಬ ಹಳೆಯ ಕೋಟೆಯಲ್ಲಿ ಇಳಿಯುತ್ತಿದ್ದರು. ಅದನ್ನು ನಡೆಸುತ್ತಿದ್ದುದು ನ್ಯೂಯಾರ್ಕ್ ಸಂಸ್ಥಾನದವರು. ೧೮೯೦ರಲ್ಲಿ ಕೇಂದ್ರ ಸರ್ಕಾರವೇ ಆ ಕೆಲಸವನ್ನು ಕೈಗೆತ್ತಿಕೊಂಡು ಎಲಿಸ್ ದ್ವೀಪದಲ್ಲಿ ದೇವದಾರು ಮರದ ದೊಡ್ಡ ಕಟ್ಟಡವೊಂದನ್ನು ಕಟ್ಟಿಸಿತು. ಅದರ ಬಾಗಿಲು ತೆರೆದದ್ದು ೧೮೯೨ರ ಜನವರಿ ೧ರಂದು. ಆ ಬೆಳಗ್ಗೆ ನೆವಾಡಾದ ಪ್ರಯಾಣಿಕರನ್ನು ಅಲಂಕೃತವಾದ ದೋಣಿಯೊಂದು ದ್ವೀಪಕ್ಕೆ ಕರೆತಂದಿತು. ಆ ದೋಣಿಯ ಹೆಸರೂ ಜಾನ್ ಇ. ಮೂರ್ ಎಂದಿದ್ದುದು ಕಾಕತಾಳೀಯ. ಗಂಟೆಗಳು ಮೊಳಗಿದವು, ಹಡಗುಗಳು ಸಿಳ್ಳು ಹಾಕಿದವು. ಆನಿ ಹಲಗೆಯ ಮೇಲೆ ನಡೆದು ಬಂದು ದೊಡ್ಡ ಕೋಣೆಯೊಳಗೆ ಮೇಜಿನ ಮುಂದೆ ನಿಂತಳು. ಆಕೆಯ ಹೆಸರು ಪುಸ್ತಕದ ಮೊದಲ ಸಾಲಿಗೆ ಏರಿತು. ವಲಸೆಯ ಅಧಿಕಾರಿಯಾದ ಕರ್ನಲ್ ಜಾನ್ ವೆಬರ್ ಆಕೆಯನ್ನು ಸ್ವಾಗತಿಸಿ ಹತ್ತು ಡಾಲರಿನ ಚಿನ್ನದ ನಾಣ್ಯವೊಂದನ್ನು ಕೈಗಿತ್ತನು. ಐರಿಷ್ ಹೆಣ್ಣುಮಕ್ಕಳ ರಕ್ಷಣೆಗೆಂದು ೧೮೮೩ರಲ್ಲಿ ಸ್ಥಾಪಿತವಾಗಿದ್ದ ಕ್ಯಾಥೊಲಿಕ್ ಆಶ್ರಯಸಂಸ್ಥೆಯ ಪಾದ್ರಿ ಆಕೆಯನ್ನು ಹರಸಿದನು. ಅಂದು ಒಂದೇ ದಿನ ಸುಮಾರು ೭೦೦ ಜನ ಆ ಬಾಗಿಲನ್ನು ದಾಟಿದರು.

ಈ ಮೊದಲ ಸ್ಥಾನ ಆನಿಗೆ ದೊರೆತ ಬಗೆಗೆ ಕಥೆಗಳುಂಟು. ಹಲಗೆಯ ಮೇಲೆ ಆಗಲೇ ಒಂದು ಕಾಲನ್ನಿಟ್ಟಿದ್ದ ಭಾರಿ ಗಾತ್ರದ ಜರ್ಮನ್ ಗೃಹಸ್ಥನೊಬ್ಬನನ್ನು ಯಾರೋ ಹಿಂದಕ್ಕೆಳೆದು, ಹೆಂಗಸರಿಗೆ ಮೊದಲ ಮರ್ಯಾದೆಯೆಂದು ಆಕೆಯನ್ನು ಮುಂದಕ್ಕೆ ಬಿಟ್ಟರಂತೆ. ಇರಬಹುದು. ಆದರೆ ಅಧಿಕಾರಿಗಳು ಚಿನ್ನದ ನಾಣ್ಯವನ್ನು ಸಿದ್ಧವಾಗಿಟ್ಟುಕೊಂಡು, ಪತ್ರಿಕೆಯವರನ್ನು ಕರೆಸಿಕೊಂಡು ನಿಂತಿದ್ದಾಗ, ಮೊದಲು ಬರಬೇಕಾದವರು ಯಾರೆಂಬುದನ್ನು ಪೂರ್ತಿಯಾಗಿ ವಿಧಿಗೆ ಬಿಟ್ಟಿದ್ದರೆಂದು ನಂಬುವುದು ಕಷ್ಟ. ಇಟಲಿಯಿಂದಲೂ ರಷ್ಯಾದ ಯಹೂದಿ ಕೇರಿಗಳಿಂದಲೂ ಬರುತ್ತಿದ್ದ ಹೊಸ ಜನರನ್ನು ಅಮೆರಿಕದ ಹಳಬರು ಅನುಮಾನದಿಂದ ನೋಡುತ್ತಿದ್ದ ಕಾಲವದು. ಇಂಗ್ಲಿಷ್ ಬಲ್ಲ, ಕೆಂಪುಗಲ್ಲದ, ತಮ್ಮಂದಿರ ಕೈ ಹಿಡಿದು ತಂದೆತಾಯಿಗಳನ್ನು ಸೇರಲು ಬಂದ ಬಾಲೆಗಿಂತ ಉತ್ತಮವಾದ ಶುಭಶಕುನ ಅವರಿಗೆ ಬೇರೆ ಯಾವುದಿದ್ದೀತು? ನಲವತ್ತು ವರ್ಷಗಳ ಹಿಂದೆ ಇದೇ ಐರಿಷರನ್ನೂ ಅಂತಹ ಅನುಮಾನದಿಂದಲೇ ಬರಮಾಡಿಕೊಂಡಿದ್ದರೆಂಬುದನ್ನು ಆ ವೇಳೆಗೆ ಎಲ್ಲರೂ ಮರೆತಿದ್ದರು.

ಮರುದಿನದ ಪತ್ರಿಕೆಗಳು ಆಕೆಯನ್ನು ಹದಿನೈದು ವರ್ಷದವಳೆಂದು ಬರೆದವು. ಆ ದಿನವೇ ಆಕೆಯ ಹುಟ್ಟುಹಬ್ಬವೆಂಬ ಮಾತೂ ಹೇಗೋ ಹುಟ್ಟಿಕೊಂಡಿತು. ಆಕೆಗಾಗಲೇ ಹದಿನೇಳು ತುಂಬಿತ್ತು, ಹುಟ್ಟಿದ್ದು ಏಪ್ರಿಲಿನಲ್ಲಿ. ಹಡಗಿನ ಪಟ್ಟಿಯಲ್ಲಿ ತಮ್ಮಂದಿರ ವಯಸ್ಸನ್ನೂ ಇದ್ದುದಕ್ಕಿಂತ ಕಡಮೆಯಾಗಿಯೇ ಬರೆದಿದ್ದರು. ಮಕ್ಕಳ ವಯಸ್ಸು ಕಡಮೆಯಾದರೆ ಪ್ರಯಾಣದ ದರವೂ ಕಡಮೆಯಾಗುತ್ತಿತ್ತಾದ್ದರಿಂದ ಬಡಕುಟುಂಬಗಳು ಹೀಗೆ ಮಾಡುವುದು ಸಹಜವಾಗಿತ್ತು. ವಲಸೆಯ ಕಡತಗಳಲ್ಲಿ ವಯಸ್ಸಿನ ಅಂಕಣವನ್ನು ಕಣ್ಣುಮುಚ್ಚಿ ನಂಬುವವನು ಮೊದಲನೆಯ ಹೆಜ್ಜೆಯಲ್ಲಿಯೇ ದಾರಿ ತಪ್ಪುತ್ತಾನೆ.

ವಯಸ್ಸಿನ ಮಾತು ಹಾಗಿರಲಿ, ಆ ಪಟ್ಟಿಯಲ್ಲಿ ಇದ್ದುದಾದರೂ ಎಷ್ಟು? ಹೆಸರು, ವಯಸ್ಸು, ಗಂಡೋ ಹೆಣ್ಣೋ, ಕಸುಬು, ದೇಶ, ಹೆಚ್ಚುಕಡಮೆ ಇಷ್ಟೇ. ಹುಟ್ಟಿದ ಊರು ಯಾವುದು, ಯಾರ ಬಳಿಗೆ ಹೋಗುವುದು, ಅವರ ವಿಳಾಸವೇನು ಎಂಬುದಾವುದೂ ಅದರಲ್ಲಿಲ್ಲ. ಹಡಗಿನ ಅಧಿಕಾರಿಗಳು ಪ್ರಯಾಣಿಕರಿಗೆ ಇನ್ನೂ ಹೆಚ್ಚಿನ ಪ್ರಶ್ನೆಗಳನ್ನು ಹಾಕಿ ಉತ್ತರಗಳನ್ನು ಬರೆದುಕೊಳ್ಳಬೇಕೆಂಬ ಕಾನೂನು ಅಮೆರಿಕದಲ್ಲಿ ಬಂದದ್ದು ೧೮೯೩ರಲ್ಲಿ. ಆನಿ ಅದಕ್ಕೆ ಒಂದು ವರ್ಷ ಮೊದಲು ಬಂದಿದ್ದಳು. ಸಾಲದುದಕ್ಕೆ ೧೮೯೭ರ ಜೂನ್ ೧೫ರಂದು ಎಲಿಸ್ ದ್ವೀಪದ ಆ ಮರದ ಕಟ್ಟಡಕ್ಕೆ ಬೆಂಕಿ ಬಿದ್ದು, ಅಲ್ಲಿದ್ದ ಕಡತಗಳೆಲ್ಲ ಒಂದೇ ರಾತ್ರಿಯಲ್ಲಿ ಬೂದಿಯಾದವು. ಸುಂಕದ ಇಲಾಖೆಯವರು ಹಡಗುಗಳ ಪಟ್ಟಿಗಳನ್ನು ಪ್ರತ್ಯೇಕವಾಗಿ ಬೇರೆಡೆ ಇಟ್ಟಿದ್ದರಿಂದ ನೆವಾಡಾದ ಪಟ್ಟಿ ನಮಗೆ ಉಳಿದಿದೆ. ಮೊದಲ ಸಾಲಿನಲ್ಲಿ ಆನಿಯ ಹೆಸರನ್ನು ಬರೆದುಕೊಂಡ ದ್ವೀಪದ ಆ ಪುಸ್ತಕ ಉಳಿಯಲಿಲ್ಲ.

ಹೀಗೆ ಒಂದು ದಿನದ ಕೀರ್ತಿಯನ್ನು ಪಡೆದ ಹುಡುಗಿ ಮರುದಿನವೇ ನ್ಯೂಯಾರ್ಕಿನ ಜನಸಾಗರದಲ್ಲಿ ಕರಗಿಹೋದಳು. ಅರುವತ್ತು ವರ್ಷಗಳ ತರುವಾಯ ದ್ವೀಪದ ಬಾಗಿಲು ಮುಚ್ಚಿತು. ಕಟ್ಟಡಗಳು ಪಾಳುಬಿದ್ದವು. ಮುಂದೆ ಅವುಗಳನ್ನು ದುರಸ್ತಿ ಮಾಡಿಸಿ ೧೯೯೦ರಲ್ಲಿ ವಲಸೆಯ ವಸ್ತುಸಂಗ್ರಹಾಲಯವನ್ನು ತೆರೆದಾಗ, ಮೊದಲು ಬಂದ ಆನಿ ಮೂರಳ ನೆನಪು ಮತ್ತೆ ಜಾಗೃತವಾಯಿತು. ೧೯೯೩ರಲ್ಲಿ ಐರಿಷ್ ಶಿಲ್ಪಿ ಜೀನ್ ರಿನ್‌ಹಾರ್ಟ್ ನಿರ್ಮಿಸಿದ ಎರಡು ಪ್ರತಿಮೆಗಳು ಸ್ಥಾಪಿತವಾದವು. ಕೋವ್ ಬಂದರಿನ ಪ್ರತಿಮೆಯಲ್ಲಿ ಆನಿ ತಮ್ಮಂದಿರೊಡನೆ ಹೊರಟು ನಿಂತಿದ್ದಾಳೆ. ಎಲಿಸ್ ದ್ವೀಪದ ಪ್ರತಿಮೆಯಲ್ಲಿ ಒಬ್ಬಳೇ ಬಂದು ನಿಂತಿದ್ದಾಳೆ.

ಪ್ರತಿಮೆಯಾಯಿತು, ಆದರೆ ಮುಂದಿನ ಕಥೆಯೇನು? ಅದಕ್ಕೂ ಉತ್ತರ ಸಿದ್ಧವಾಗಿತ್ತು. ಟೆಕ್ಸಾಸ್ ಪ್ರಾಂತದ ಒಂದು ಮನೆತನದವರು, ತಮ್ಮ ಮನೆಯ ಹಿರಿಯಳಾದ ಆನಿ ಮೂರ್ ಎಂಬಾಕೆಯೇ ಈಕೆ ಎಂದು ಹೇಳುತ್ತ ಬಂದಿದ್ದರು. ಆ ಆನಿ ಪಶ್ಚಿಮ ದಿಕ್ಕಿಗೆ ಹೋಗಿ, ಐರ್ಲೆಂಡಿನ ಮಹಾನಾಯಕ ಡೇನಿಯಲ್ ಒ'ಕಾನೆಲನ ವಂಶಸ್ಥನೆನ್ನಲಾದವನನ್ನು ಮದುವೆಯಾಗಿ, ೧೯೨೩ರಲ್ಲಿ ಫೋರ್ಟ್‌ವರ್ತ್ ಬಳಿ ಟ್ರ್ಯಾಮ್ ಗಾಡಿಗೆ ಸಿಕ್ಕಿ ಮೃತಳಾದಳೆಂಬುದು ಕಥೆ. ಇದರಲ್ಲಿ ವಂಚನೆಯನ್ನು ಹುಡುಕಬೇಕಾಗಿಲ್ಲ. ತಾಯಿಯ ಹೆಸರು, ಐರಿಷ್ ಮೂಲ, ಹೆಚ್ಚುಕಡಮೆ ಒಂದೇ ವಯಸ್ಸು, ಇವು ಒಂದುಗೂಡಿದಾಗ ಒಂದು ಮನೆಯ ನೆನಪು ಚರಿತ್ರೆಯ ರೂಪವನ್ನು ತಾಳುವುದು ಆಶ್ಚರ್ಯವಲ್ಲ. ಆಶ್ಚರ್ಯವೆಂದರೆ ಉಳಿದವರೆಲ್ಲ ಅದನ್ನು ಪರೀಕ್ಷಿಸದೆ ಒಪ್ಪಿದ್ದು. ಪುಸ್ತಕಗಳಲ್ಲಿ ಅದು ಅಚ್ಚಾಯಿತು. ಆ ಮನೆತನದವರು ಸಮಾರಂಭಗಳಿಗೆ ಆಹ್ವಾನಿತರಾದರು. ಬಡ ಹುಡುಗಿ ಬಂದಳು, ಪಶ್ಚಿಮದ ಬಯಲನ್ನು ಸೇರಿದಳು, ವೀರವಂಶಕ್ಕೆ ಸೊಸೆಯಾದಳು, ದುರಂತವಾಗಿ ಮಡಿದಳು: ಅಮೆರಿಕ ತನ್ನನ್ನು ಕುರಿತು ಹೇಳಿಕೊಳ್ಳಲಿಚ್ಛಿಸುವ ಕಥೆಯೂ ಇದೇ ತಾನೆ!

ಈ ಕಥೆಯ ಬುಡ ಅಲುಗಿದ್ದು ವಂಶಾವಳಿಯ ಸಂಶೋಧಕಿಯಾದ ಮೆಗನ್ ಸ್ಮೋಲೆನ್ಯಾಕ್ ಅದನ್ನು ಕೈಗೆತ್ತಿಕೊಂಡಾಗ. ಒಂದು ಸಾಕ್ಷ್ಯಚಿತ್ರಕ್ಕಾಗಿ ಮಾಹಿತಿಯನ್ನು ಕೂಡಿಸುತ್ತಿದ್ದ ಆಕೆ ಟೆಕ್ಸಾಸಿನ ಆನಿಯ ಹೆಸರನ್ನು ಜನಗಣತಿಯ ಪುಟಗಳಲ್ಲಿ ತೆಗೆದು ನೋಡಿದಳು. ಆ ಆನಿ ಹುಟ್ಟಿದ ಸ್ಥಳ ಕಾರ್ಕ್ ಅಲ್ಲ, ಐರ್ಲೆಂಡೂ ಅಲ್ಲ, ಅಮೆರಿಕದೊಳಗಣ ಇಲಿನಾಯ್! ಇಲಿನಾಯಿಯಲ್ಲಿ ಹುಟ್ಟಿದವಳು ವಲಸೆಯ ದ್ವೀಪದ ಬಾಗಿಲನ್ನು ಮೊದಲು ದಾಟುವುದೆಂತು? ಇಷ್ಟು ಸರಳವಾದ ಒಂದು ಸಾಲು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಏಕೆಂದರೆ ಯಾರೂ ನೋಡಿರಲಿಲ್ಲ.

ಟೆಕ್ಸಾಸಿನವಳು ಅಲ್ಲವೆಂಬುದು ಸಿದ್ಧವಾಯಿತು. ನಿಜವಾದವಳು ಯಾರು? ಇಲ್ಲಿ ಐರಿಷ್ ಪೂರ್ವಿಕರನ್ನು ಹುಡುಕುವ ಕೆಲಸದ ಕಷ್ಟವನ್ನು ಕೊಂಚ ವಿವರಿಸದೆ ಮುಂದೆ ಹೋಗುವಂತಿಲ್ಲ. ಐರ್ಲೆಂಡಿನ ಕಡತಗಳಿಗೆ ಒದಗಿದಷ್ಟು ದುರ್ಗತಿ ಬೇರೆ ಕಡೆ ಅಪರೂಪ. ೧೯೨೨ರ ಜೂನ್ ೩೦ರಂದು, ಅಂತರ್ಯುದ್ಧದ ಆರಂಭದಲ್ಲಿ, ಡಬ್ಲಿನ್ನಿನ ಫೋರ್ ಕೋರ್ಟ್ಸ್ ಎಂಬ ನ್ಯಾಯಾಲಯದ ಆವರಣದಲ್ಲಿದ್ದ ಸಾರ್ವಜನಿಕ ದಾಖಲೆಗಳ ಭಂಡಾರ ಸ್ಫೋಟದಿಂದಲೂ ಬೆಂಕಿಯಿಂದಲೂ ಹಾಳಾಯಿತು. ೧೮೨೧ರಿಂದ ೧೮೫೧ರವರೆಗಿನ ಜನಗಣತಿಯ ಪುಸ್ತಕಗಳು ಕೆಲವು ಚೂರುಗಳ ಹೊರತು ನಾಶವಾದವು. ಅಲ್ಲಿ ಒಪ್ಪಿಸಿದ್ದ ಪ್ರಾಟೆಸ್ಟಂಟ್ ಚರ್ಚುಗಳ ಹಳೆಯ ಪುಸ್ತಕಗಳೂ ಸಹಸ್ರಾರು ಉಯಿಲುಗಳೂ ಅವುಗಳೊಡನೆ ಹೋದವು. ಸುಟ್ಟ ಕಾಗದದ ಚೂರುಗಳು ನಗರದ ಬೀದಿಗಳ ಮೇಲೆ ಗಾಳಿಯಲ್ಲಿ ತೇಲಿ ಬಂದುವಂತೆ. ೧೮೬೧ರಿಂದ ೧೮೯೧ರವರೆಗಿನ ನಾಲ್ಕು ಗಣತಿಗಳ ಗತಿ ಇನ್ನೂ ವಿಷಾದಕರ. ಅವು ಬೆಂಕಿಗೆ ಬೀಳಲಿಲ್ಲ. ಸರ್ಕಾರದವರೇ ಬೇಡವೆಂದು ನಾಶಮಾಡಿದರು. ಪೂರ್ತಿಯಾಗಿ ಉಳಿದಿರುವುದು ೧೯೦೧ ಮತ್ತು ೧೯೧೧ರ ಗಣತಿಗಳು. ಅಷ್ಟರಲ್ಲಿ ಮೂರ್ ಮನೆತನ ಕಡಲನ್ನು ದಾಟಿ ಹತ್ತು ವರ್ಷಗಳಾಗಿದ್ದವು.

ಈ ಸರ್ವನಾಶದಿಂದ ಪಾರಾದವು ಕ್ಯಾಥೊಲಿಕ್ ಧರ್ಮಕೇಂದ್ರಗಳ ಪುಸ್ತಕಗಳು. ಪಾರಾದ ಕಾರಣ ಇಷ್ಟೇ: ಸರ್ಕಾರ ಅವುಗಳನ್ನು ತನ್ನವೆಂದು ಭಾವಿಸಿ ಭಂಡಾರಕ್ಕೆ ತರಿಸಿಕೊಂಡಿರಲಿಲ್ಲ. ಅವು ಆಯಾ ಊರಿನ ಪಾದ್ರಿಯ ಮನೆಯ ಪೆಟ್ಟಿಗೆಯಲ್ಲಿಯೇ ಬಿದ್ದಿದ್ದವು. ಬಹುಸಂಖ್ಯಾತರಾದ ಕ್ಯಾಥೊಲಿಕರ ಮೇಲೆ ಹದಿನೆಂಟನೆಯ ಶತಮಾನದಲ್ಲಿ ಕಠಿಣವಾದ ಕಾನೂನುಗಳಿದ್ದುದರಿಂದ ಹಳೆಯ ಪುಸ್ತಕಗಳು ವಿರಳ. ನಗರಗಳಲ್ಲಿ ಆ ಶತಮಾನದ ಮಧ್ಯಭಾಗದಿಂದ ಕೆಲವು ದೊರೆಯುತ್ತವೆ. ಬಡತನದ ಪಶ್ಚಿಮ ಭಾಗದಲ್ಲಿ ಹತ್ತೊಂಬತ್ತನೆಯ ಶತಮಾನ ಬಹಳ ಮುಂದುವರಿಯುವವರೆಗೂ ಏನೂ ಇಲ್ಲ. ಹಲವು ಪುಸ್ತಕಗಳು ಲ್ಯಾಟಿನ್ನಿನಲ್ಲಿವೆ. ಮನೆಯಲ್ಲಿ ಆನಿಯೆಂದು ಕರೆಯಿಸಿಕೊಳ್ಳುವ ಮಗು ಅಲ್ಲಿ ಆನ್ನಾ ಆಗುತ್ತದೆ. ಜಾನ್ ಎಂಬವನು ಯೊಹಾನ್ನೆಸ್ ಆಗುತ್ತಾನೆ. ಶಾಯಿ ಮಸುಕಾಗಿದೆ, ಪಾದ್ರಿಯ ಕೈಬರಹ ಅವಸರದ್ದು, ಸಾಲುಗಳು ಒಂದರ ಮೇಲೊಂದು ಹತ್ತಿವೆ. ಆದರೂ ಆ ಒಂದೊಂದು ಸಾಲಿನ ಬೆಲೆ ಅಪಾರವಾದುದು. ಏಕೆಂದರೆ ದೀಕ್ಷಾಸ್ನಾನದ ಪುಸ್ತಕದಲ್ಲಿ ಮಗುವಿನ ಹೆಸರು, ತಂದೆಯ ಹೆಸರು ಮಾತ್ರವಲ್ಲದೆ, ಸಾಮಾನ್ಯವಾಗಿ ತಾಯಿಯ ತವರಿನ ಹೆಸರೂ, ದೀಕ್ಷೆಗೆ ಸಾಕ್ಷಿಯಾಗಿ ನಿಂತ ಇಬ್ಬರ ಹೆಸರುಗಳೂ ಇರುತ್ತವೆ. ಸಾಕ್ಷಿಗಳು ಬಹುಮಟ್ಟಿಗೆ ಬಂಧುಗಳೇ. ಒಂದೇ ಊರಿನಲ್ಲಿ ನಾಲ್ವರು ಆನಿ ಮೂರರಿದ್ದರೆ ಅವರನ್ನು ಬೇರ್ಪಡಿಸಿಕೊಡುವವರು ಈ ಸಾಕ್ಷಿಗಳು. ಡಬ್ಲಿನ್ನಿನ ರಾಷ್ಟ್ರೀಯ ಗ್ರಂಥಾಲಯ ಈ ಪುಸ್ತಕಗಳ ಪುಟಗಳನ್ನು ಚಿತ್ರೀಕರಿಸಿ ೨೦೧೫ರಿಂದ ಎಲ್ಲರ ನೋಟಕ್ಕೂ ತೆರೆದಿಟ್ಟಿದೆ. ಹಿಂದೆ ಅಜ್ಜನ ಹೆಸರನ್ನು ಹುಡುಕಲು ಕಡಲನ್ನು ದಾಟಿ ಬರಬೇಕಾಗಿದ್ದವರು ಈಗ ಮನೆಯಲ್ಲಿಯೇ ಕುಳಿತು ಆ ಮಸುಕಾದ ಲ್ಯಾಟಿನ್ ಅಕ್ಷರಗಳೊಡನೆ ಸೆಣಸುತ್ತಾರೆ. ಸರ್ಕಾರ ತಾನಾಗಿ ಎಲ್ಲ ಜನನ ಮರಣಗಳನ್ನೂ ದಾಖಲಿಸತೊಡಗಿದ್ದು ೧೮೬೪ರಿಂದ; ಆನಿ ಅದಕ್ಕೆ ಹತ್ತು ವರ್ಷಗಳ ಅನಂತರ ಹುಟ್ಟಿದ್ದು ಸಂಶೋಧಕರ ಪುಣ್ಯ.

ಇಷ್ಟಿದ್ದರೂ, ಐರ್ಲೆಂಡಿನ ಪುಸ್ತಕಕ್ಕೆ ಕೈಹಾಕುವ ಮುನ್ನ ಅಮೆರಿಕದ ಕಡೆಯ ಕೊಂಡಿ ಭದ್ರವಾಗಿರಬೇಕು. ಯಾವ ಆನಿ ಎಂಬುದು ತಿಳಿಯದೆ ಯಾವ ದೀಕ್ಷಾಸ್ನಾನವನ್ನು ಹುಡುಕುವುದು? ಮೂರ್ ಎಂಬುದು ಬಹು ಸಾಮಾನ್ಯವಾದ ಮನೆತನದ ಹೆಸರು. ಆನಿ ಎಂಬುದು ಅದಕ್ಕಿಂತಲೂ ಸಾಮಾನ್ಯವಾದುದು. ಅಲ್ಲದೆ ಹೆಂಗಸರ ವಿಷಯದಲ್ಲಿ ಇನ್ನೊಂದು ತೊಡಕುಂಟು. ಮದುವೆಯಾದೊಡನೆ ಹೆಸರು ಬದಲಾಗುತ್ತದೆ. ಕಡತದ ದಾರಿ ಅಲ್ಲಿಗೆ ಕಡಿದುಹೋಗುತ್ತದೆ. ಸ್ಮೋಲೆನ್ಯಾಕ್ ೨೦೦೬ರಲ್ಲಿ ಅಂತರ್ಜಾಲದಲ್ಲಿ ಒಂದು ಪ್ರಕಟಣೆಯನ್ನು ಹೊರಡಿಸಿ, ನಿಜವಾದ ಆನಿಯನ್ನು ಪ್ರಮಾಣಸಹಿತವಾಗಿ ತೋರಿಸಿಕೊಟ್ಟವರಿಗೆ ೧೦೦೦ ಡಾಲರುಗಳ ಬಹುಮಾನವನ್ನು ಘೋಷಿಸಿದಳು. ಕೆಲವೇ ವಾರಗಳಲ್ಲಿ ಸುಳಿವು ಸಿಕ್ಕಿತು. ಸಿಕ್ಕಿದ್ದು ಆನಿಯ ಹೆಸರಿನಿಂದಲ್ಲ, ಕಿರಿಯ ತಮ್ಮನ ಹೆಸರಿನಿಂದ. ನ್ಯೂಯಾರ್ಕ್ ನಗರದ ದಾಖಲೆಗಳ ಅಧಿಕಾರಿಯಾಗಿದ್ದ ಬ್ರಯನ್ ಆಂಡರ್ಸನ್ ಎಂಬುವರಿಗೆ, ಫಿಲಿಪ್ ಮೂರ್ ಅಮೆರಿಕದ ಪೌರತ್ವವನ್ನು ಪಡೆದ ಕಾಗದ ದೊರೆಯಿತು. ಗಂಡಸಿನ ಹೆಸರು ಬದಲಾಗುವುದಿಲ್ಲವಷ್ಟೆ. ಆ ಕಾಗದದಿಂದ ಫಿಲಿಪನ ಸಂಸಾರ, ಆ ಸಂಸಾರದಿಂದ ಅವನ ಮಗಳು, ಮಗಳಿಂದ ಬದುಕಿರುವ ವಂಶಸ್ಥರು, ಅವರ ನೆನಪಿನಿಂದ ಫಿಲಿಪನ ಅಕ್ಕನ ಗಂಡನ ಹೆಸರು, ಹೀಗೆ ಎಳೆ ಬಿಚ್ಚಿಕೊಂಡು ಹೋಯಿತು. ಆ ವರ್ಷದ ಸೆಪ್ಟೆಂಬರಿನಲ್ಲಿ ನಿಜವಾದ ಆನಿಯ ಬದುಕು ಲೋಕಕ್ಕೆ ತಿಳಿಯಿತು.

ಆಕೆ ಎಲ್ಲಿಗೂ ಹೋಗಿರಲಿಲ್ಲ. ಪಶ್ಚಿಮದ ಬಯಲನ್ನು ಕಣ್ಣಿಂದಲೂ ಕಾಣಲಿಲ್ಲ. ಎಲಿಸ್ ದ್ವೀಪದಿಂದ ಕೆಲವೇ ಮೈಲಿಗಳ ದೂರದಲ್ಲಿ, ಮ್ಯಾನ್‌ಹ್ಯಾಟನ್ನಿನ ಕೆಳಭಾಗದ ಪೂರ್ವದ ಕೇರಿಗಳಲ್ಲಿ, ತಂದೆತಾಯಿಗಳು ಬಿಡಾರ ಹೂಡಿದ್ದ ಬೀದಿಯ ಆಸುಪಾಸಿನಲ್ಲಿಯೇ ಆಕೆಯ ಬಾಳೆಲ್ಲ ಕಳೆಯಿತು. ೧೮೯೫ರಲ್ಲಿ ಆ ಕೇರಿಯ ಸಂತ ಜೇಮ್ಸರ ಚರ್ಚಿನಲ್ಲಿ ಜೋಸೆಫ್ ಆಗಸ್ಟಸ್ ಷೇಯರ್ ಎಂಬವನೊಡನೆ ಮದುವೆಯಾಯಿತು. ಆತ ಐರಿಷನಲ್ಲ, ಜರ್ಮನಿಯಿಂದ ಬಂದ ಕ್ಯಾಥೊಲಿಕ್ ವಲಸೆಗಾರರ ಮಗ. ಫುಲ್ಟನ್ ಮೀನುಪೇಟೆಯಲ್ಲಿ ಮಾರಾಟದ ಕೆಲಸ ಅವನದು. ಬೆಳಗಾಗುವ ಮುನ್ನವೇ ದೋಣಿಗಳಿಂದ ಮೀನು ಇಳಿದು ಹರಾಜಾಗುವ ಆ ಪೇಟೆ ಅವರ ಕೇರಿಯ ಪಕ್ಕದಲ್ಲಿಯೇ ಇತ್ತು.

ಅಂದಿನ ಆ ವಠಾರಗಳ ಸ್ವರೂಪವನ್ನು ವಾಚಕರು ಊಹಿಸಿಕೊಳ್ಳಬೇಕು. ಐದಾರು ಅಂತಸ್ತುಗಳ ಇಕ್ಕಟ್ಟಾದ ಕಟ್ಟಡಗಳು. ಒಂದೊಂದು ಅಂತಸ್ತಿನಲ್ಲಿ ನಾಲ್ಕು ಸಂಸಾರಗಳು. ಗಾಳಿ ಬೆಳಕು ಸುಳಿಯದ ಒಳಕೋಣೆಗಳು. ಹಲವು ಮನೆಗಳಿಗೆ ಒಂದೇ ನಲ್ಲಿ. ಕ್ಷಯ, ಗಂಟಲುಮಾರಿ, ಬೇಸಗೆಯ ಭೇದಿ, ಇವು ಅಲ್ಲಿಯ ನಿತ್ಯದ ಅತಿಥಿಗಳು. ಆನಿ ಕಡಮೆಯೆಂದರೆ ಹನ್ನೊಂದು ಮಕ್ಕಳನ್ನು ಹಡೆದಳು. ಬೆಳೆದು ದೊಡ್ಡವರಾದವರು ಐವರೇ. ಉಳಿದವರನ್ನು ಒಬ್ಬೊಬ್ಬರನ್ನಾಗಿ ಮಣ್ಣಿಗೆ ಕೊಟ್ಟಳು. ದೀಕ್ಷಾಸ್ನಾನದ ಪುಸ್ತಕದಲ್ಲಿ ಒಂದು ಸಾಲು, ಕೆಲವು ತಿಂಗಳ ತರುವಾಯ ಮರಣದ ಪತ್ರದಲ್ಲಿ ಒಂದು ಸಾಲು: ಹಲವು ಮಕ್ಕಳ ಪೂರ್ಣ ಚರಿತ್ರೆ ಈ ಎರಡು ಸಾಲುಗಳೊಳಗೆ ಮುಗಿಯುತ್ತದೆ. ಅಕ್ಕನ ಕೈ ಹಿಡಿದು ನೆವಾಡಾ ಹಡಗಿನಿಂದ ಇಳಿದಿದ್ದ ಆಂಟನಿಯೂ ಇಪ್ಪತ್ತರ ವಯಸ್ಸಿನಲ್ಲಿ ತೀರಿಕೊಂಡ. ಗತಿಯಿಲ್ಲದವರನ್ನು ಹೂಳುವ ನಗರದ ಮಸಣದಲ್ಲಿ ಕೆಲಕಾಲ ಅವನ ದೇಹ ಮಲಗಿತ್ತೆಂಬುದರಿಂದ ಆ ಮನೆಯ ಸ್ಥಿತಿಯನ್ನು ತಿಳಿಯಬಹುದು. ಕರ್ನಲ್ ವೆಬರ್ ಕೊಟ್ಟ ಚಿನ್ನದ ನಾಣ್ಯದ ಗತಿಯೇನಾಯಿತೆಂದು ಕೇಳುವವರುಂಟು. ಇಂಥ ಮನೆಯಲ್ಲಿ ಹತ್ತು ಡಾಲರು ಎಷ್ಟು ದಿನ ಉಳಿದೀತು!

ಆನಿ ೧೯೨೪ರ ಡಿಸೆಂಬರ್ ೬ರಂದು ಹೃದಯ ದುರ್ಬಲವಾಗಿ ತೀರಿಕೊಂಡಳು. ಆಗ ಆಕೆಗೆ ಐವತ್ತು ವರ್ಷ. ಅದೇ ವರ್ಷದ ಮೇ ತಿಂಗಳಲ್ಲಿ ಅಮೆರಿಕ ಹೊಸ ಕಾನೂನೊಂದನ್ನು ಮಾಡಿ, ಒಂದೊಂದು ದೇಶದಿಂದ ಇಂತಿಷ್ಟೇ ಜನ ಬರಬೇಕೆಂದು ಬಿಗಿಯಾದ ಮಿತಿಯನ್ನು ಹಾಕಿತ್ತು. ಎಲಿಸ್ ದ್ವೀಪದ ಮಹಾಪ್ರವಾಹ ಆ ಕಾನೂನಿನಿಂದ ನಿಂತಿತು. ಬಾಗಿಲನ್ನು ಮೊದಲು ದಾಟಿದವಳೂ ಬಾಗಿಲು ಬಹುಮಟ್ಟಿಗೆ ಮುಚ್ಚಿದ ವರ್ಷವೇ ಹೋದಳು. ಆಕೆಯ ಸಾವನ್ನು ಯಾವ ಪತ್ರಿಕೆಯೂ ಸುದ್ದಿಯೆಂದು ಎಣಿಸಲಿಲ್ಲ. ಕ್ವೀನ್ಸ್ ಭಾಗದ ಕ್ಯಾಲ್ವರಿ ಎಂಬ ಕ್ಯಾಥೊಲಿಕ್ ಸ್ಮಶಾನದಲ್ಲಿ, ಎಳವೆಯಲ್ಲಿಯೇ ತೀರಿಹೋಗಿದ್ದ ತನ್ನ ಮಕ್ಕಳ ಬಳಿಯಲ್ಲಿ ಆಕೆಯನ್ನು ಹೂಳಿದರು. ೩೦ ಲಕ್ಷ ಜನ ಮಲಗಿರುವ ನೆಲವದು. ಆಕೆಯ ತಲೆಯ ಬಳಿ ಕಲ್ಲಿರಲಿಲ್ಲ.

ಗಂಡ ಜೋಸೆಫ್ ಷೇಯರ್ ಬಹುಕಾಲ ಬದುಕಿದ್ದು ೧೯೬೦ರಲ್ಲಿ ತೀರಿಕೊಂಡನು. ಆತ ಬದುಕಿರುವಂತೆಯೇ ಎಲಿಸ್ ದ್ವೀಪದ ಬಾಗಿಲು ಮುಚ್ಚಿತು. ಆ ಮೂವತ್ತಾರು ವರ್ಷಗಳಲ್ಲಿ ಯಾವ ದಿನವಾದರೂ ಯಾರಾದರೂ ಆ ಮುದುಕನ ಮುಂದೆ ಹೋಗಿ ನಿಂತಿದ್ದರೆ, ತನ್ನ ಹೆಂಡತಿ ಯಾರೆಂಬುದನ್ನು ಆತ ಎರಡು ಮಾತಿನಲ್ಲಿ ಹೇಳಿಬಿಡುತ್ತಿದ್ದನು. ಕಡತಗಳನ್ನು ಶೋಧಿಸಬೇಕಾಗಿಯೇ ಇರಲಿಲ್ಲ. ಯಾರೂ ಹೋಗಲಿಲ್ಲ. ಚರಿತ್ರಕಾರರು ಹುಡುಕುತ್ತಿದ್ದುದು ಮೊದಲ ವಲಸೆಗಾರ್ತಿಯನ್ನು. ಮೀನುಪೇಟೆಯ ನೌಕರನೊಬ್ಬನ ಹೆಂಡತಿಯನ್ನಲ್ಲ.

ನಿಜವಾದ ಕಥೆ ಹೊರಬಿದ್ದಾಗ ಕೆಲವರಿಗೆ ನಿರಾಶೆಯಾದದ್ದುಂಟು. ಟೆಕ್ಸಾಸಿನ ಕಥೆಯ ರಂಗು ಇದರಲ್ಲಿಲ್ಲ. ವೀರವಂಶವಿಲ್ಲ, ದೂರದ ಪಯಣವಿಲ್ಲ, ಬೀದಿಯ ನಡುವಿನ ದುರ್ಮರಣವೂ ಇಲ್ಲ. ನನಗಾದರೋ ಈ ಎರಡನೆಯ ಕಥೆಯೇ ಹೆಚ್ಚು ಗಾತ್ರವುಳ್ಳದ್ದಾಗಿ ತೋರುತ್ತದೆ. ಎಲಿಸ್ ದ್ವೀಪವನ್ನು ದಾಟಿದ ಕೋಟ್ಯಂತರ ಜನರಲ್ಲಿ ಬಹುಮಂದಿಯ ಪಾಲಿಗೆ ಬಂದದ್ದು ಇಂಥ ಬದುಕೇ: ಬಂದರಿನ ಬಳಿಯ ಒಂದು ಕತ್ತಲ ಕೋಣೆ, ಬಾಡಿಗೆ, ಹೆರಿಗೆ, ಸಣ್ಣ ಶವಪೆಟ್ಟಿಗೆಗಳು, ಉಳಿದ ಮಕ್ಕಳ ಶಾಲೆ. ಉಳಿದ ಆ ಐವರಲ್ಲಿ ಮೂವರ ಸಂತಾನ ಬೆಳೆಯಿತು. ಮುಂದಿನ ತಲೆಮಾರುಗಳಲ್ಲಿ ಆ ಸಂತಾನ ಐರಿಷ್ ಮತ್ತು ಜರ್ಮನ್ ನೆತ್ತರಿನ ಜೊತೆಗೆ ಇಟಾಲಿಯನ್, ಯಹೂದಿ, ಸ್ಕ್ಯಾಂಡಿನೇವಿಯನ್ ಮನೆಗಳೊಡನೆಯೂ ಬೆರೆಯಿತು. ತಮ್ಮ ಮುತ್ತಜ್ಜಿ ಯಾರೆಂಬುದು ಅವರಲ್ಲಿ ಹಲವರಿಗೆ ತಿಳಿದದ್ದೇ ೨೦೦೬ರ ಸಂಶೋಧನೆಯಿಂದ.

೨೦೦೮ರ ಅಕ್ಟೋಬರ್ ೧೧ರಂದು ಕ್ಯಾಲ್ವರಿಯ ಆ ಬರಿನೆಲದ ಮೇಲೆ ಕಲ್ಲು ನಿಂತಿತು. ಐರ್ಲೆಂಡಿನ ನೀಲಿ ಸುಣ್ಣಕಲ್ಲನ್ನು ಕಡಲಾಚೆಯಿಂದ ತರಿಸಿ, ಆ ನಾಡಿನ ಪುರಾತನ ಸಂಪ್ರದಾಯದಂತೆ ವರ್ತುಲವುಳ್ಳ ಶಿಲುಬೆಯನ್ನು ಕಡೆಸಿದ್ದರು. ಆ ಕಲ್ಲು ಬರುವುದಕ್ಕೆ ಆಕೆ ಹೋಗಿ ಎಂಬತ್ತನಾಲ್ಕು ವರ್ಷಗಳು ತುಂಬುತ್ತ ಬಂದಿದ್ದವು. ಕೋವ್ ಬಂದರಿನ ಪ್ರತಿಮೆಯನ್ನಾಗಲಿ ಎಲಿಸ್ ದ್ವೀಪದ ಪ್ರತಿಮೆಯನ್ನಾಗಲಿ ತಿದ್ದುವ ಅಗತ್ಯ ಬೀಳಲಿಲ್ಲ. ಅವೆರಡೂ ಇದ್ದ ಜಾಗದಲ್ಲಿಯೇ ಇವೆ.